ಅಡುಗೆಮನೆಯ ಹಸಿಕಸ: ಹತ್ತು ಮನೆ ಸೇರಿದರೆ ಒಳ್ಳೆಯ ಗೊಬ್ಬರ

ಮಂಡೆಕೋಲಿನಂಥ ತೋಟದ ಊರುಗಳಲ್ಲಿ ಅಡುಗೆಮನೆಯ ಕಸ ತೆಂಗಿನ ಬುಡಕ್ಕೆ ಬೀಳುವುದು ರೂಢಿ. ತರಕಾರಿ ಸಿಪ್ಪೆಗೆ ಅದು ಸಾಕು. ಆದರೆ ಅನ್ನ, ಮೀನಿನ ತಲೆ, ಕೋಳಿಯ ಎಲುಬು ತೆರೆದ ಜಾಗದಲ್ಲಿ ಬಿದ್ದರೆ ನೊಣ, ಇಲಿ, ನಾಯಿಗಳು ಸೇರುತ್ತವೆ. ನೊಣದಿಂದ ವಾಂತಿಭೇದಿ ಹರಡಿದರೆ, ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಕಾಲಿನಲ್ಲಿ ಗಾಯವಿದ್ದು ಬರಿಗಾಲಲ್ಲಿ ತೋಟಕ್ಕಿಳಿಯುವವರಿಗೆ ಅಪಾಯ ಹೆಚ್ಚು.

ಚೀಲದಲ್ಲಿ ಕಟ್ಟಿ ದೂರ ಕಳುಹಿಸಿದರೂ ಕಸ ಮುಗಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆ, ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿತು.

ಸೇರಿ ಮಾಡುವುದೇಕೆ?

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅಗತ್ಯವಾದ ಆರು ಅಂಶಗಳಲ್ಲಿ ಗಾಳಿಯನ್ನು ಮೊದಲು ಹೇಳುತ್ತದೆ. ಕೊಳೆಯುವಿಕೆಗೆ ಅದರಲ್ಲಿ 'ಉಫೂನತ್' ಎಂಬ ಹೆಸರಿದೆ. ಗಾಳಿಯಿಲ್ಲದ ಒದ್ದೆ ಕಸ ಕೊಳೆತು ನಾರುತ್ತದೆ. ಅದಕ್ಕೇ ತರಗೆಲೆ ಬೆರೆಸಿ ಗಾಳಿಯಾಡಲು ಬಿಟ್ಟರೆ ನಾರದೆ ಗೊಬ್ಬರವಾಗುತ್ತದೆ.

ಒಂದು ಮನೆಯ ಬಕೆಟಿನಲ್ಲಿ ಬಿಸಿ ನಿಲ್ಲುವುದಿಲ್ಲ. ಉದ್ದ, ಅಗಲ, ಎತ್ತರ ಸುಮಾರು ಒಂದೊಂದು ಮೀಟರ್ ಇರುವ ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರಬಲ್ಲದು. ಅದು ಕೆಲವು ದಿನ ನಿಂತರೆ ರೋಗಾಣುಗಳು, ಹುಳದ ಮೊಟ್ಟೆಗಳು ಬಹುಪಾಲು ಸಾಯುತ್ತವೆ. ಅಷ್ಟು ಹಸಿಕಸ ಒಂದೇ ಮನೆಯಲ್ಲಿ ಸಿಗದು. ಆದ್ದರಿಂದ ನೆರೆಯ ಹತ್ತು ಮನೆಗಳು, ಅಥವಾ ಒಂದು ಜಮಾಅತಿನವರು ಸೇರಬೇಕು.

ಮಾಡುವ ಕ್ರಮ

ಗಡಿಯಾಚೆ ಕೇರಳದಲ್ಲಿ 'ತುಂಬೂರ್‌ಮುಳಿ' ಮಾದರಿ ಬಳಕೆಯಲ್ಲಿದೆ. ನಾಲ್ಕಡಿ ಉದ್ದ, ಅಗಲ, ಎತ್ತರದ, ಬದಿಗಳಲ್ಲಿ ಸಂದು ಬಿಟ್ಟ ತೊಟ್ಟಿ ಕಟ್ಟಬೇಕು. ಅಡಿಯಲ್ಲಿ ಸೆಗಣಿ, ಅದರ ಮೇಲೆ ತರಗೆಲೆ, ಆಮೇಲೆ ಹಸಿಕಸ. ಹೀಗೆ ಪದರ ಪದರವಾಗಿ ತುಂಬಬೇಕು. ತುಂಬಿದ ಮೇಲೆ ಸುಮಾರು 90 ದಿನ ಬಿಟ್ಟರೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಒಂದು ತುಂಬಿದಾಗ ಬಳಸಲು ಇನ್ನೊಂದು ತೊಟ್ಟಿ ಇರಲಿ.

• ನಮ್ಮ ಮಳೆಗೆ ಮೇಲೆ ಮಾಡು ಬೇಕೇ ಬೇಕು. ಜಾಗ ಬಾವಿಯಿಂದ ದೂರ, ತಗ್ಗಿನ ಬದಿಗಿರಲಿ.
• ಬೇಸಿಗೆಯಲ್ಲೇ ತರಗೆಲೆಯನ್ನು ಗೋಣಿಗಳಲ್ಲಿ ತುಂಬಿಡಿ. ಮಳೆಗಾಲದಲ್ಲಿ ಒಣ ಎಲೆ ಸಿಗುವುದಿಲ್ಲ.
• ಮೀನು, ಮಾಂಸದ ಉಳಿಕೆ ರಾಶಿಯ ನಡುವೆ ಹಾಕಿ, ಎಲೆಯಿಂದ ಮುಚ್ಚಿ. ಬಕ್ರೀದ್‌ನ ಕರುಳು, ರಕ್ತವನ್ನು ಇದಕ್ಕೆ ಹಾಕದೆ ಆಳವಾಗಿ ಹೂಳಿ.
• ಹಿಡಿಯಷ್ಟು ಹಿಂಡಿದಾಗ ನೀರು ಸುರಿದರೆ, ಅಥವಾ ವಾಸನೆ ಬಂದರೆ, ತರಗೆಲೆ ಸೇರಿಸಿ.
• ಪ್ಲಾಸ್ಟಿಕ್ ಬೆರೆಯದಂತೆ ಮನೆಯಲ್ಲೇ ಬೇರ್ಪಡಿಸಿ. ಕೆಲಸ ಮುಗಿಸಿ ಸಾಬೂನಿನಿಂದ ಕೈ ತೊಳೆಯಿರಿ.

ನೋಡಿಕೊಳ್ಳುವ ಹೊಣೆ ವಾರಕ್ಕೊಂದು ಮನೆಯದ್ದಾಗಲಿ. ಹಂಚದ ಕೆಲಸ ಒಂದೇ ತಿಂಗಳಲ್ಲಿ ನಿಲ್ಲುತ್ತದೆ. ದಾರಿಯಲ್ಲಿನ ತೊಡಕನ್ನು ಸರಿಸುವುದೂ ಸದಕಾ ಎಂದು ಕಲಿತವರು ನಾವು. ನೆರೆಮನೆಯ ಬಾಗಿಲ ಕಸವೂ ಅದಕ್ಕೆ ಹೊರತಲ್ಲ.

ಗಮನಿಸಿ: ಮಳೆಗಾಲದಲ್ಲಿ ತೀವ್ರ ಜ್ವರ, ತಲೆನೋವು, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರದ ಶಂಕೆಯಿಂದ ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಷಾಯ ಕುಡಿದು ಕಾಯಬೇಡಿ. ಚಿಕಿತ್ಸೆ ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಹಾನಿಯಾಗಬಹುದು.