ಗವಾಯಿಗಳನ್ನು ತಯಾರು ಮಾಡುವ ಮನೆ

ಶ್ರಾವಣ ಬಂತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಮಠ-ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಹೊತ್ತು ಮುಳುಗಿದ ಮೇಲೆ ಹೊಲಮನೆಯ ಕೆಲಸ ಮುಗಿಸಿದ ಜನ ಬಂದು ಕೂಡುತ್ತಾರೆ. ಪುರಾಣಕ್ಕೆ ಶಾಸ್ತ್ರಿಗಳು ಒಬ್ಬರೇ ಸಾಲುವುದಿಲ್ಲ. ಪೇಟಿ ಹಿಡಿದು ಪದ್ಯ ಹಾಡಲು ಒಬ್ಬ ಗವಾಯಿ, ಸಾಥಿಗೆ ಒಬ್ಬ ತಬಲಾದವರು ಬೇಕು. ಈ ಗವಾಯಿಗಳಲ್ಲಿ, ತಬಲಾದವರಲ್ಲಿ ಅಂಧರೂ ಇರುತ್ತಾರೆ. ವಿದ್ಯೆ ಎಲ್ಲಿಯದೆಂದು ಕೇಳಿದರೆ ಈ ಸೀಮೆಯಲ್ಲಿ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: ಗದುಗಿನ ಪುಣ್ಯಾಶ್ರಮ.

ವೀರೇಶ್ವರ ಪುಣ್ಯಾಶ್ರಮವನ್ನು ಹೊರಗಿನವರು ಅಂಧರ ಆಶ್ರಮವೆಂದು ಗುರುತಿಸುತ್ತಾರೆ. ಅದು ನಿಜವೇ, ಆದರೆ ಅರ್ಧ ಮಾತ್ರ. ಅನ್ನ, ಬಟ್ಟೆ, ಆಸರೆ ಕೊಟ್ಟು ಕೈಬಿಟ್ಟಿದ್ದರೆ ಅದು ಧರ್ಮಛತ್ರವಾಗಿ ಉಳಿಯುತ್ತಿತ್ತು. ಇಲ್ಲಿಗೆ ಬಂದ ಹುಡುಗ ಒಂದು ಕಸುಬು ಕಲಿತು, ಅದರಿಂದ ಸಂಸಾರ ನಡೆಸುವಷ್ಟು ಗಟ್ಟಿಯಾಗಿ ಹೊರಬೀಳಬೇಕು ಎಂಬುದು ಮೊದಲಿನಿಂದಲೂ ಇದ್ದ ಹಟ. ಆ ಹಟದಿಂದಲೇ ಈ ಮನೆ ಉತ್ತರ ಕರ್ನಾಟಕದ ಸಂಗೀತಕ್ಕೆ ತಲೆಮಾರುಗಳಿಂದ ಕಲಾವಿದರನ್ನು ಕೊಡುತ್ತ ಬಂದಿದೆ.

ಈ ಹಟದ ಮೂಲ ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಅವರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಟ್ಟುಗುರುಡ ಬಾಲಕನ ಕಂಠ ಅವರ ಕಿವಿಗೆ ಬಿತ್ತು. ಹುಡುಗನನ್ನು ಕರೆತಂದರು, ಸಂಗೀತ ಹೇಳಿಸಿದರು. ಕರ್ನಾಟಕ ಸಂಗೀತದ ಪಾಠವಾದ ಮೇಲೆ ಹಿಂದೂಸ್ತಾನಿಯತ್ತ ಹೊರಳಿದ ಈ ಶಿಷ್ಯ ಮಿರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು, ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಕಿರಾಣಾ ಪದ್ಧತಿಯನ್ನು ಕಲಿತ. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ತಾವು ಪಡೆದ ವಿದ್ಯೆಯನ್ನು ಅಂಧ-ಅನಾಥರಿಗೆ ಹಂಚುವುದೇ ಅವರ ಬದುಕಾಯಿತು.

ಆರಂಭದಲ್ಲಿ ಶಾಲೆಗೆ ಗೋಡೆಗಳೇ ಇರಲಿಲ್ಲ. ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ತಿರುಗಿದರು. ಹೋದಲ್ಲಿ ಪಾಠ, ಕಛೇರಿ, ಭಕ್ತರು ಕೊಟ್ಟಿದ್ದರಲ್ಲಿ ಊಟ. ಹೀಗೆ ಅಲೆದ ಸಂಚಾರಿ ಪಾಠಶಾಲೆ ಕೊನೆಗೆ ಗದುಗಿನಲ್ಲಿ ನೆಲೆ ನಿಂತಿತು.

ಗವಾಯಿಗಳು ಶಿಷ್ಯರನ್ನು ಬೆಳೆಸಿದ ಬಗೆಗೆ ಬಸವರಾಜ ರಾಜಗುರು ಅವರ ಮೊದಲ ಕಛೇರಿ ಸಾಕ್ಷಿ. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ಯಲಿವಾಳದ ಈ ತರುಣ ಹಾಡಲು ಕೂತರು. ತಬಲಾ ಸಾಥಿಗೆ ಕೂತವರು ಸ್ವತಃ ಗುರುಗಳು. ಶಿಷ್ಯ ಮುಂದೆ, ಗುರು ಪಕ್ಕದಲ್ಲಿ ಠೇಕಾ ಹಿಡಿದು. ರಾಜಗುರು ಮುಂದೆ ದೇಶದ ದೊಡ್ಡ ಗಾಯಕರಲ್ಲಿ ಒಬ್ಬರಾಗಿ, 1991ರಲ್ಲಿ ಪದ್ಮಭೂಷಣ ಪಡೆದರು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಅವರೂ ಇದೇ ಗುರುವಿನ ಶಿಷ್ಯರು.

ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದಾಗ ಆಶ್ರಮದ ಭಾರ ಮೂವತ್ತರ ಹರೆಯದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಹಾವೇರಿ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು ಅವರು. ಗುರುವಿನ ಹಾಗೆಯೇ ಎರಡೂ ಪದ್ಧತಿಗಳ ಸಂಗೀತ ಬಲ್ಲವರು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲವೂ ಕೈವಶ. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ಬರೆದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. 2010ರ ಸೆಪ್ಟೆಂಬರ್ 17ರಂದು, 96ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ, ಅಂದರೆ 66 ವರ್ಷ ಆಶ್ರಮವನ್ನು ಅವರೇ ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಜನರಿಗೆ ಮಾತ್ರ ಅವರು ಅಜ್ಜಾರು.

ಇಷ್ಟು ಮಕ್ಕಳಿಗೆ ಊಟ ಹಾಕುವುದು ಹೇಗೆ? ಒಂದು ದಾರಿ ನಾಟಕ ಕಂಪನಿ. ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳ ನಾಟ್ಯಸಂಘ ಊರೂರಿನಲ್ಲಿ ಕ್ಯಾಂಪು ಹಾಕಿ ನಾಟಕವಾಡಿತು. ಅಜ್ಜಾರು ನಾಟಕ ಬರೆದರು, ಹಾಡುಗಳಿಗೆ ರಾಗ ಹಾಕಿದರು. ಟಿಕೀಟಿನ ದುಡ್ಡು ಆಶ್ರಮದ ಒಲೆ ಉರಿಸಿತು. ಪೇಟಿ, ತಬಲಾ ಕಲಿತ ಶಿಷ್ಯರಿಗೆ ಕಂಪನಿಯೇ ಎರಡನೆಯ ಪಾಠಶಾಲೆಯೂ ಆಯಿತು. ನಟ ಮಾತು ಮರೆತಾಗ ಪೇಟಿಯವರು ಏನು ನುಡಿಸಬೇಕು, ಜನ ಒನ್ಸ್‌ಮೋರ್ ಎಂದಾಗ ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದು ತಾಲೀಮಿನ ಕೋಣೆಯಲ್ಲಿ ತಿಳಿಯುವ ವಿದ್ಯೆಯಲ್ಲ. ಇನ್ನೊಂದು ದಾರಿ ತುಲಾಭಾರ. ಭಕ್ತರು ಅಜ್ಜಾರನ್ನು ತಕ್ಕಡಿಯಲ್ಲಿ ಕೂರಿಸಿ ತೂಗಿದ್ದೆಲ್ಲ ಆಶ್ರಮದ ಮಕ್ಕಳಿಗೆ ಸಂದಿತು.

ನೋಟವಿಲ್ಲದ ಹುಡುಗನಿಗೆ ವಾದ್ಯ ಕಲಿಸುವ ಕ್ರಮ ಕುತೂಹಲದ್ದು. ಹಾರ್ಮೋನಿಯಂನ ಕಪ್ಪು ಮನೆಗಳು ಎತ್ತರದಲ್ಲಿರುತ್ತವೆ, ಎರಡು-ಮೂರರ ಗುಂಪಿನಲ್ಲಿ ಇರುತ್ತವೆ. ಬೆರಳಿಗೆ ಅವೇ ಗುರುತು. ಆ ಗುರುತು ಹಿಡಿದು ಷಡ್ಜ ಎಲ್ಲಿದೆ, ಪಂಚಮ ಎಲ್ಲಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಪಲಟಾಗಳು, ನಿಧಾನ ಲಯದಿಂದ ಜೋರಿಗೆ. ತಬಲಾದಲ್ಲಿ ಬೋಲು ಮೊದಲು ಬಾಯಿಗೆ ಬರಬೇಕು. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ಚಪ್ಪಾಳೆ ಹಾಕುತ್ತ ಬಾಯಿಪಾಠ ಹೇಳಿದ ಮೇಲೆಯೇ ಕೈ ಚರ್ಮವನ್ನು ಮುಟ್ಟುವುದು. ಚೀಜು, ವಚನ, ದಾಸರ ಪದ ಎಲ್ಲವೂ ಗುರು ಹಾಡಿದ್ದನ್ನು ಕೇಳಿ, ತಿರುಗಿ ಹಾಡಿ, ನೆನಪಿನಲ್ಲಿ ಕೂರಿಸಿಕೊಂಡದ್ದು. ಪುಸ್ತಕ ನೋಡಿ ಹಾಡುವ ಅಭ್ಯಾಸವಿಲ್ಲದವನಿಗೆ ಕಛೇರಿಯಲ್ಲಿ ಪುಸ್ತಕದ ಹಂಗೂ ಇರುವುದಿಲ್ಲ.

ಆಶ್ರಮ ಅಂಧರಿಗೆ ಮಾತ್ರ ಎಂದು ಬಾಗಿಲು ಹಾಕಿಕೊಂಡಿಲ್ಲ. ಕಣ್ಣಿದ್ದ ಬಡಮಕ್ಕಳೂ ಇಲ್ಲಿಯೇ ಉಂಡು, ಇಲ್ಲಿಯೇ ಕಲಿತರು. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಎಂ. ವೆಂಕಟೇಶಕುಮಾರ್ ಅವರಲ್ಲಿ ಒಬ್ಬರು. ಜನಪದ ಗಾಯಕರಾಗಿದ್ದ ತಂದೆಯ ಮನೆಯಿಂದ ಹೊರಟ ಹುಡುಗನನ್ನು ಸೋದರಮಾವ, ರಂಗಕಲಾವಿದ ಬೆಳಗಲ್ಲು ವೀರಣ್ಣ ಗದುಗಿಗೆ ತಂದು ಬಿಟ್ಟರು. ಪುಟ್ಟರಾಜರ ಬಳಿ ಹತ್ತು ವರ್ಷಕ್ಕೂ ಮಿಕ್ಕಿ ಕಲಿತು ಹೊರಬಂದವರು ಮುಂದೆ ಧಾರವಾಡದಲ್ಲಿ ತಾವೇ ಮೇಷ್ಟ್ರಾಗಿ ಸಂಗೀತ ಹೇಳಿಕೊಟ್ಟರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಗದುಗಿನ ಈ ಕಥೆಯನ್ನು ಕನ್ನಡ ನಾಡಿನ ಮೂಲೆಮೂಲೆಗೆ ಮುಟ್ಟಿಸಿದ್ದು 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ. ಸಂಗೀತಕ್ಕಾಗಿ ಹಂಸಲೇಖ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದರಿಂದ ರಾಷ್ಟ್ರಪ್ರಶಸ್ತಿ ಪಡೆದರು.

ಆದರೆ ಆಶ್ರಮದ ಕೆಲಸವನ್ನು ಪ್ರಶಸ್ತಿಗಳಿಂದಷ್ಟೇ ಅಳೆದರೆ ಅದರ ಬಹುಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಕಲಿತವರೆಲ್ಲ ದೊಡ್ಡ ವೇದಿಕೆಯ ಗಾಯಕರಾಗುವುದಿಲ್ಲ. ಒಬ್ಬರು ಶಾಲೆಯಲ್ಲಿ ಸಂಗೀತ ಶಿಕ್ಷಕರು, ಒಬ್ಬರು ಆಕಾಶವಾಣಿಯ ಕಲಾವಿದರು, ಒಬ್ಬರು ಕೀರ್ತನಕಾರರು, ಇನ್ನೊಬ್ಬರು ಭಜನಾ ಸಂಘಕ್ಕೆ ಪೇಟಿ ಕಲಿಸುವವರು. ಕುರುಡನೆಂದು ಊರು ಮೂಲೆಗೆ ಸರಿಸಿದ್ದ ಹುಡುಗನನ್ನು ಅದೇ ಊರು ‘ಗವಾಯಿಗಳೇ’ ಎಂದು ಬಹುವಚನದಲ್ಲಿ ಕರೆದು, ಮುಂಗಡ ಕೊಟ್ಟು ಕರೆಸಿಕೊಳ್ಳುತ್ತದೆ. ತಾಯಿತಂದೆಯ ಪಾಲಿಗೆ ಇದು ಯಾವ ಪದವಿಗೂ ಕಡಿಮೆಯಲ್ಲ.

ಪುಟ್ಟರಾಜರ ನಂತರ ಕಲ್ಲಯ್ಯಜ್ಜನವರು ಆಶ್ರಮವನ್ನು ಮುನ್ನಡೆಸುತ್ತಿದ್ದಾರೆ. ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೆ ಜೂನ್‌ನಲ್ಲಿ, ಪುಟ್ಟರಾಜರದು ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಹಳೆಯ ಶಿಷ್ಯರು ಗುರುವಿನ ಗದ್ದುಗೆಯ ಮುಂದೆ ಹಾಡಿ-ನುಡಿಸಿ ಸೇವೆ ಸಲ್ಲಿಸುತ್ತಾರೆ. ಇಲ್ಲಿ ಕಲಿತು ಹೊರಬರುವ ಹುಡುಗರಿಗೆ ಈಗ ಬೇಕಾದದ್ದು ಕೆಲಸ. ನಾಟಕ ಕಂಪನಿಗಳು ಕಡಿಮೆಯಾಗಿವೆ, ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳು ವಿರಳ, ಜಾತ್ರೆಗಳಲ್ಲಿ ಪೇಟಿಯ ಜಾಗಕ್ಕೆ ಧ್ವನಿಮುದ್ರಿತ ಹಾಡು, ಕೀಬೋರ್ಡುಗಳು ಬಂದಿವೆ. ಊರಿನ ಪುರಾಣ, ಉತ್ಸವ, ಮದುವೆಗಳಿಗೆ ಪುಣ್ಯಾಶ್ರಮದ ಒಬ್ಬ ಗವಾಯಿಯನ್ನು, ಒಬ್ಬ ತಬಲಾದವರನ್ನು ಕರೆಸಿ ಸರಿಯಾದ ಸಂಭಾವನೆ ಕೊಡುವುದು ಯಾವ ಪಂಚಕಮಿಟಿಯಾದರೂ ಈ ವರ್ಷದಿಂದಲೇ ಮಾಡಬಹುದಾದ ಕೆಲಸ.