ಜಾರಿ ಉಳಿಸಿದ ಸರಳು

ಚೇಳೂರು, ಗುಬ್ಬಿ ಕಡೆ ಬಂಡೆ ಒಡೆದು ತೆರೆದ ಬಾವಿ ತೋಡಿದವರಿಗೆ ಗೊತ್ತು: ಮದ್ದಿನ ಹೊಗೆ ಅಡಗಿದ ಮೇಲೆ ಒಳಗಿಳಿದು ಹಾರೆಯಿಂದ ಕಲ್ಲು ತಟ್ಟಿ ನೋಡಬೇಕು. ಪೊಳ್ಳು ಸದ್ದು ಬಂದರೆ ಆ ಚಕ್ಕೆ ಯಾವಾಗ ಬೇಕಾದರೂ ಕಳಚೀತು. ಬಾವಿಯಲ್ಲಾದರೆ ತಲೆಯ ಮೇಲೆ ಆಕಾಶವಿರುತ್ತದೆ. ಕೋಲಾರದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಇದ್ದದ್ದು ಮೂರು ಕಿಲೋಮೀಟರಿಗೂ ಮಿಕ್ಕಿದ ಕಲ್ಲು. ಅಲ್ಲಿ ಮದ್ದಿಟ್ಟಾಗ ಮಾತ್ರವಲ್ಲ, ಒತ್ತಡ ತಾಳಲಾರದೆ ಬಂಡೆ ತಾನಾಗಿಯೂ ಸಿಡಿಯುತ್ತಿತ್ತು. ಗಣಿಯವರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು.

ಸಡಿಲ ಪದರ ಬೀಳದಂತೆ ಬಂಡೆಗೆ ತೂತು ಕೊರೆದು, ಉಕ್ಕಿನ ಸರಳು ತೂರಿಸಿ, ಸಿಮೆಂಟ್ ಗಾರೆ ತುಂಬುವುದೇ ರಾಕ್ ಬೋಲ್ಟ್. ಸರಳು ಗಟ್ಟಿಯಾದಷ್ಟೂ ಸುರಂಗ ಭದ್ರ ಎಂಬುದು ಸಹಜ ಎಣಿಕೆ.

ಸಿಡಿತಕ್ಕೆ ಆ ಎಣಿಕೆ ಒಪ್ಪುವುದಿಲ್ಲ. ಸೆಕೆಂಡಿಗೆ ಐದಾರು ಕಿಲೋಮೀಟರ್ ವೇಗದ ಅಲೆ ಸುರಂಗದ ಗೋಡೆಗೆ ಬಂದು, ಮುಂದೆ ಕಲ್ಲಿಲ್ಲದೆ, ಎಳೆತವಾಗಿ ಹಿಂದಿರುಗುತ್ತದೆ. ಗೋಡೆಯ ಹೊರಪದರ ಒಳಕ್ಕೆ ನೆಗೆಯುತ್ತದೆ. ಉದ್ದಕ್ಕೂ ಗಾರೆ ಕಚ್ಚಿ ಹಿಡಿದ ಸರಳಿನಲ್ಲಿ ಬಿರುಕಿನ ಬಳಿಯ ತುಣುಕಷ್ಟೇ ಹಿಗ್ಗಬೇಕು. ಅದು ಅಲ್ಲೇ ತುಂಡಾಗುತ್ತದೆ.

ಇದನ್ನು ಕಣ್ಣಾರೆ ಕಾಣಿಸಿದವರು ದಕ್ಷಿಣ ಆಫ್ರಿಕಾದ ಎಂಜಿನಿಯರ್ ಡೇವ್ ಆರ್ಟ್ಲೆಪ್. ಜೋಹಾನ್ಸ್‌ಬರ್ಗ್ ಬಳಿಯ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ಸುರಂಗದ ಒಂದು ಭಾಗಕ್ಕೆ ರೂಢಿಯ ಬೋಲ್ಟು, ಇನ್ನೊಂದಕ್ಕೆ ಬಿಗಿ ಮೀರಿದಾಗ ಜಾರಿಕೊಡುವ ಬೋಲ್ಟು ಹಾಕಿಸಿ, ಪಕ್ಕದ ಬಂಡೆಯಲ್ಲಿ ಬೇಕೆಂದೇ ಮದ್ದು ಸಿಡಿಸಿದರು. ಒಳ್ಳೆಯ ಎದೆಗಾರಿಕೆಯ ಪ್ರಯೋಗ! ರೂಢಿಯ ಬೋಲ್ಟಿನ ಭಾಗ ನುಚ್ಚಾಯಿತು, ಜಾರುವ ಬೋಲ್ಟಿನ ಭಾಗ ನಿಂತಿತು. 1969ರಲ್ಲಿ ಓಸ್ಲೋದ ಸಮ್ಮೇಳನದಲ್ಲಿ ಅವರು ಇದನ್ನು ಮಂಡಿಸಿದರು.

ನೆಗೆದ ಕಲ್ಲಿನ ಶಕ್ತಿ ಅದರ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಸರಳು ಸ್ವಲ್ಪ ದೂರ ಸರಿದರೆ ಮಾತ್ರ ಅದನ್ನು ನುಂಗಬಲ್ಲದು. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲೇ ಬಂದ ಕೋನ್ ಬೋಲ್ಟ್ ಈ ಬಗೆಯದು: ನುಣುಪು ಸರಳಿನ ತುದಿಯ ಶಂಕು ಗಾರೆಯನ್ನು ಉತ್ತುಕೊಂಡು ಸರಿಯುತ್ತದೆ.

ಹಾಗೆಂದು ಎಲ್ಲ ಗಣಿಗೂ ಇದೇ ಬೇಕೆನ್ನುವುದು ಅತಿಯಾದೀತು. ದಿನನಿತ್ಯದ ಸಣ್ಣ ಸಿಡಿತವನ್ನು ಚೆನ್ನಾಗಿ ಗಾರೆ ಕುಡಿದ ಸಾದಾ ಬೋಲ್ಟೂ ತಾಳುತ್ತದೆ. ಚಿಂತೆ ಇರುವುದು ಗಾರೆ ಹಸಿಯಿರುವಾಗ, ಇಲ್ಲವೇ ತುದಿಯ ಹಿಡಿತವನ್ನಷ್ಟೇ ನಂಬಿದ ಬೋಲ್ಟುಗಳು ಮತ್ತೆ ಮತ್ತೆ ಅದುರಿ ಬಿಗಿ ಕಳೆದುಕೊಂಡಾಗ.

ಇತ್ತ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಶುರುವಾಯಿತು. 2001ರಲ್ಲಿ ಗಣಿ ಮುಚ್ಚಿತು. ಸಂಸ್ಥೆಯ ಕೆಲಸ ನಿಲ್ಲಲಿಲ್ಲ. ಸಿಡಿತದ ಕಂಪನವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುವ ಅದರ ಉಪಕರಣಗಳು ಬೇರೆ ಗಣಿ, ಸುರಂಗಗಳತ್ತ ಹೊರಟವು.