ಗಿಡಮರಗಳಿಗೂ ಒಂದು ಪಹಣಿ

ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಇವೆಲ್ಲ ಪಹಣಿಯಲ್ಲಿ ದಾಖಲಾಗಿರುತ್ತವೆ. ಬೆಲೆಬಾಳುವ ನಾಲ್ಕಾರು ಮರಗಳನ್ನು ಬಿಟ್ಟರೆ, ಅದೇ ಜಮೀನಿನ ಬದುವಿನಲ್ಲಿ, ಬೇಲಿಯಲ್ಲಿ ತಾವಾಗಿಯೇ ಬೆಳೆದ ಗಿಡ, ಬಳ್ಳಿ, ಹುಲ್ಲುಗಳ ಲೆಕ್ಕ ಮಾತ್ರ ಎಲ್ಲಿಯೂ ಇರುವುದಿಲ್ಲ. ಈ ಲೆಕ್ಕವನ್ನು ರೈತರೇ ಬರೆದಿಡಲು ಈಗ ಅನುಕೂಲವಾಗಿದೆ.

ಹಾಸನ ಜಿಲ್ಲೆಯ ಮಟ್ಟಿಗೆ ಇದು ತೀರ ಹೊಸ ಕೆಲಸವಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರಜ್ಞ ಫಾದರ್ ಸೆಸಿಲ್ ಸಲ್ಡಾನ ಹಾಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಅವರು ಸಿದ್ಧಪಡಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿಯೇ ಹೊರಬಂದಿತು. ಜಿಲ್ಲೆಯೂ ಇಂತಹ ಅಧ್ಯಯನಕ್ಕೆ ಹೇಳಿಮಾಡಿಸಿದಂತಿದೆ. ಅರಸೀಕೆರೆಯ ಸುತ್ತ ರಾಗಿ, ತೆಂಗು, ಬೇಲಿಯಲ್ಲಿ ಜಾಲಿ, ಕಾರೆ. ಅಲ್ಲಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ, ಮುಂದೆ 16 ಕಿ.ಮೀ. ದೂರದ ಬೇಲೂರಿಗೆ ಬರುವಷ್ಟರಲ್ಲಿ ಮಳೆ ಹೆಚ್ಚುತ್ತದೆ. ಇನ್ನೂ ಪಶ್ಚಿಮಕ್ಕೆ ಕಾಫಿ ತೋಟ, ನೆರಳಿಗೆ ನಂದಿ, ಹೊನ್ನೆ, ಬೀಟೆ.

ಆದರೆ ಆ ಗ್ರಂಥ ಇಂಗ್ಲಿಷಿನಲ್ಲಿದೆ. ಅದಾದ ನಂತರ ಗೋಮಾಳಗಳು ಸಾಗುವಳಿಗೆ ಬಂದಿವೆ, ಬೇಲಿಗಳು ಹೋಗಿ ತಂತಿ ಬಂದಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದ ಪಾರ್ಥೇನಿಯಂ ಕಳೆ ನಮ್ಮ ಹೊಲಗಳಿಗೆ ಹೇಗೆ ನುಗ್ಗಿತೆಂಬುದನ್ನು ನೀವು ಬಲ್ಲಿರಿ. ಮುಂದೆ ಬರುವ ಹೊಸ ಕಳೆಯೂ ಮೊದಲು ಬೀಳುವುದು ರೈತನ ಕಣ್ಣಿಗೇ. ಹತ್ತು ಗಿಡವಿದ್ದಾಗ ದಾಖಲಾದರೆ ಕಿತ್ತು ಹಾಕಬಹುದು; ಹತ್ತು ಊರಿಗೆ ಹಬ್ಬಿದ ಮೇಲೆ ಕಷ್ಟ.

2008ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಅಂತರಜಾಲ ತಾಣದಲ್ಲಿ ಯಾರು ಬೇಕಾದರೂ ಗಿಡದ ಚಿತ್ರ, ಕಂಡ ಜಾಗ, ದಿನಾಂಕಗಳನ್ನು ಸೇರಿಸಬಹುದು. ಗುರುತು ಬಲ್ಲವರು ಹೆಸರನ್ನು ಸೂಚಿಸುತ್ತಾರೆ, ತಪ್ಪಿದ್ದರೆ ಇನ್ನೊಬ್ಬರು ತಿದ್ದುತ್ತಾರೆ. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಮಲೆನಾಡಿನವರು ಹೊನ್ನೆ ಎಂದರೆ ಕೆಂಪು ಅಂಟು ಸುರಿಸುವ ನಾಟಾ ಮರ; ಕರಾವಳಿಯವರಿಗೆ ಅದು ಎಣ್ಣೆಬೀಜದ ಬೇರೆಯೇ ಮರ. ಶಾಸ್ತ್ರೀಯ ಹೆಸರುಗಳೂ ಬದಲಾಗುತ್ತವೆ. ನಮ್ಮ ಹೊಂಗೆ ಕೆಲವು ಪುಸ್ತಕಗಳಲ್ಲಿ ಪೊಂಗಾಮಿಯ, ಕೆಲವುಗಳಲ್ಲಿ ಮಿಲೆಟಿಯ. ಹಳೆಯ, ಹೊಸ ಹೆಸರುಗಳನ್ನು ಒಂದೇ ಗಿಡಕ್ಕೆ ಜೋಡಿಸಿಡುವುದು ಇಂತಹ ದಾಖಲೆಯ ದೊಡ್ಡ ಉಪಯೋಗ.

ಚಿತ್ರ ತೆಗೆಯುವಾಗ ಹೂವೊಂದನ್ನೇ ತೆಗೆದರೆ ಸಾಲದು. ಇಡೀ ಗಿಡ, ಎಲೆಯ ಮೇಲ್ಭಾಗ, ಅಡಿಭಾಗ, ಕಾಯಿ, ತೊಗಟೆ ಬೇಕು. ಕಡ್ಡಿಯ ಮೇಲೆ ಎಲೆಗಳು ಎದುರುಬದುರಾಗಿವೆಯೋ, ಒಂದರ ನಂತರ ಒಂದಾಗಿವೆಯೋ ಎಂಬುದು ಕಾಣುವಂತಿರಲಿ; ಎಷ್ಟೋ ಗಿಡಗಳ ಗುರುತು ಅದರಿಂದಲೇ ಹತ್ತುತ್ತದೆ. ನೆಟ್ಟದ್ದೋ ತಾನಾಗಿ ಹುಟ್ಟಿದ್ದೋ ಎಂಬುದನ್ನೂ ನಮೂದಿಸಿ.

ಶ್ರೀಗಂಧದ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. 2001ರ ಕಾನೂನು ತಿದ್ದುಪಡಿಯಂತೆ ಜಮೀನಿನ ಗಂಧದ ಮರ ಜಮೀನಿನವರದೇ ಆಗಿದ್ದರೂ, ಕಳ್ಳರಿಗೆ ಕಾನೂನೇನು ಅಡ್ಡಿ? ಜಾಗವನ್ನು ಮರೆಮಾಡಿ, ಇಲ್ಲವೇ ದಾಖಲಿಸಲೇಬೇಡಿ. ನಾಟಿ ವೈದ್ಯರ ಮದ್ದಿನ ವಿವರವನ್ನೂ ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು. ಒಮ್ಮೆ ಎಲ್ಲರ ಮುಂದೆ ಹರಡಿದ್ದನ್ನು ಹಿಂದಕ್ಕೆ ಪಡೆಯಲಾಗದು. ತಾಣದಲ್ಲಿ ಯಾರೋ ಸೂಚಿಸಿದ ಹೆಸರನ್ನು ನಂಬಿ ಸೊಪ್ಪನ್ನು ದನಕ್ಕಾಗಲಿ ಮಕ್ಕಳಿಗಾಗಲಿ ಕೊಡಬೇಡಿ.

ಫೋನು, ಅಂತರಜಾಲದ ಗೋಜು ಬೇಡವೆನ್ನುವವರಿಗೆ ಇನ್ನೊಂದು ದಾರಿಯುಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನಿಮ್ಮ ಪಂಚಾಯಿತಿಯ ಪುಸ್ತಕವನ್ನು ಕೇಳಿ ನೋಡಿ. ಪಕ್ಕದ ಊರಿನದನ್ನೇ ನಕಲು ಮಾಡಿದಂತಿದ್ದರೆ, ಸೊಪ್ಪು, ಬೇರು ಬಲ್ಲ ಹಿರಿಯರನ್ನು ಮುಂದಿನ ಸಭೆಗೆ ಕರೆದೊಯ್ದು, ಬಿಟ್ಟುಹೋದ ಹೆಸರುಗಳನ್ನು ಬರೆಯಿಸಿರಿ. ಮುಂಗಾರಿನ ನಂತರ, ಬದುಗಳಲ್ಲಿ ಹೂ ಬಿಟ್ಟಿರುವಾಗ, ಈ ಕೆಲಸಕ್ಕೆ ಒಳ್ಳೆಯ ಸಮಯ.